ಮರಳುಗಾಡಿಗೆ ಎಷ್ಟು ಬಣ್ಣ?

ಮರಳುಗಾಡಿನ ಬಣ್ಣ ಯಾವುದು ಎಂದು ಯಾವ ತರಗತಿಯಲ್ಲಿ ಕೇಳಿದರೂ ಮಕ್ಕಳು ಒಂದೇ ದನಿಯಲ್ಲಿ ‘ಹಳದಿ’ ಎನ್ನುತ್ತಾರೆ. ಚಿತ್ರಪುಸ್ತಕದಲ್ಲಿ ಮರಳು ಹಳದಿ, ಒಂಟೆ ಕಂದು, ಆಕಾಶ ನೀಲಿ. ಅಲ್ಲಿಗೆ ಮರಳುಗಾಡು ಮುಗಿಯಿತು! ಹಾಗಾಗಿ ಶಾಲೆಯ ವಸ್ತುಪ್ರದರ್ಶನಕ್ಕೆ ರಟ್ಟಿನಲ್ಲಿ ಯುದ್ಧದ ಟ್ಯಾಂಕ್ ಮಾಡುವ ಹುಡುಗ ಅದಕ್ಕೆ ಹಳದಿ ಬಣ್ಣ ಬಳಿದು, ಕೆಳಗೆ ‘ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕ್, ಉತ್ತರ ಆಫ್ರಿಕ’ ಎಂದು ಬರೆದು ಸಮಾಧಾನಪಡುತ್ತಾನೆ. ನೋಡಲು ಬಂದವರೂ ‘ಭೇಷ್’ ಎನ್ನುತ್ತಾರೆ.

ಆದರೆ ಆ ಟ್ಯಾಂಕ್ ನಿಜವಾಗಿಯೂ ಹಳದಿಯಾಗಿತ್ತೇ?

ಪ್ರಶ್ನೆ ಚಿಕ್ಕದು. ಒಂದು ಆಟಿಕೆಯ ಬಣ್ಣಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಈ ಚಿಕ್ಕ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಮಂಗಳೂರಿನ ಒಂದು ನೇಯ್ಗೆ ಕಾರ್ಖಾನೆ ಸಿಗುತ್ತದೆ. ಈಜಿಪ್ಟಿನ ಮರಳಿನಲ್ಲಿ ಮಲಗಿದ ಭಾರತದ ಸೈನಿಕರು ಸಿಗುತ್ತಾರೆ. ವರ್ಷಗಟ್ಟಲೆ ಜಗತ್ತು ನಂಬಿಕೊಂಡು ಬಂದ ಒಂದು ದೊಡ್ಡ ತಪ್ಪು ಕೂಡ ಸಿಗುತ್ತದೆ. ಹಿಂದೆ ಮಾದರಿ ತಯಾರಿಸುವ ಕಿಟ್‌ಗಳು ದೊಡ್ಡ ನಗರಗಳ ಹವ್ಯಾಸಿಗಳಿಗೆ ಮಾತ್ರ ಎಟುಕುತ್ತಿದ್ದವು. ಈಗ ನಮ್ಮ ಹಗರಿಬೊಮ್ಮನಹಳ್ಳಿಯಂಥ ಊರಿಗೂ ಪಾರ್ಸೆಲ್ ಬರುತ್ತದೆ. ಪಾರ್ಸೆಲ್ ಬರದಿದ್ದರೂ ರಟ್ಟು, ಬೆಂಕಿಪೊಟ್ಟಣ, ಅಂಟು ಇದ್ದೇ ಇದೆ. ಆದ್ದರಿಂದ ತಂದೆ ತಾಯಂದಿರು ಮಕ್ಕಳ ಜೊತೆ ಕುಳಿತು ಓದಲಿ ಎಂಬ ಉದ್ದೇಶದಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಖಾಕಿ: ಧೂಳಿನ ಹೆಸರು

ಸೈನಿಕರ ಮರೆಮಾಚುವ ಬಣ್ಣದ ಕಥೆ ಆರಂಭವಾಗುವುದು ‘ಖಾಕಿ’ಯಿಂದ. ‘ಖಾಕ್’ ಎಂದರೆ ಫಾರ್ಸಿಯಲ್ಲಿ ಮಣ್ಣು, ಧೂಳು. ಮನೆಯಲ್ಲಿ ದಖನಿ ಉರ್ದು ಮಾತನಾಡುವವರಿಗೆ ಈ ಪದದ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲ್ಲವೂ ಹಾಳಾದಾಗ ‘ಖಾಕ್ ಮೇ ಮಿಲ್ ಗಯಾ’ ಎಂದು ನಮ್ಮ ದಾದಿಯಂದಿರು ಹೇಳುತ್ತಿದ್ದ ಅದೇ ಖಾಕ್. ಖಾಕಿ ಎಂದರೆ ಮಣ್ಣಿನ ಬಣ್ಣದ್ದು.

ಹಿಂದೆ ಬ್ರಿಟಿಷ್ ಸೈನಿಕರ ಅಂಗಿ ಕಡುಗೆಂಪು. ದೂರದಿಂದಲೇ ಗುರಿಯಿಡಲು ಹೇಳಿ ಮಾಡಿಸಿದಂತಿತ್ತು. 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಪೇಶಾವರದಲ್ಲಿ ‘ಗೈಡ್ಸ್’ ಎಂಬ ದಳವನ್ನು ಕಟ್ಟಿದ. ಸ್ಥಳೀಯ ಬಿಳಿ ಹತ್ತಿ ಬಟ್ಟೆಗೆ ಮಣ್ಣಿನ ಬಣ್ಣ ಹಾಕಿಸಿ ತನ್ನ ಜನರಿಗೆ ತೊಡಿಸಿದ. ಸೈನ್ಯದ ಖಾಕಿ ಸಮವಸ್ತ್ರದ ಮೊದಲ ಹೆಜ್ಜೆ ಇದು.

ಇಲ್ಲಿ ಕರ್ನಾಟಕ ಪ್ರವೇಶಿಸುತ್ತದೆ. 1851ರಲ್ಲಿ ಬಾಸೆಲ್ ಮಿಷನ್ನಿನ ಜಾನ್ ಹಾಲರ್ ಎಂಬ ಜರ್ಮನ್ ನೇಕಾರ ಮಂಗಳೂರಿಗೆ ಬಂದ. ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಆತ ಖಾಕಿ ಬಣ್ಣವನ್ನು ತಯಾರಿಸಿದ, ಅದಕ್ಕೆ ಗೇರು ಮರದ ತೊಗಟೆಯನ್ನು ಬಳಸಿದ ಎಂದು ಕರಾವಳಿಯಲ್ಲಿ ಇಂದಿಗೂ ಹೇಳುತ್ತಾರೆ. ಲಾರ್ಡ್ ರಾಬರ್ಟ್ಸ್ ಆ ಕಾರ್ಖಾನೆಗೆ ಭೇಟಿ ನೀಡಿ, ಆ ಬಟ್ಟೆಯನ್ನು ಮೆಚ್ಚಿ, ಸೈನ್ಯಕ್ಕೆ ಶಿಫಾರಸು ಮಾಡಿದನೆಂಬ ಮಾತೂ ಇದೆ. ‘ಖಾಕಿ ಹುಟ್ಟಿದ್ದು ಮಂಗಳೂರಿನಲ್ಲಿ’ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಹೆಮ್ಮೆ ಇರಲಿ. ಆದರೆ ವರ್ಷಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಪೇಶಾವರದ ಗೈಡ್ಸ್ ದಳ 1846ರದು. ಹಾಲರ್ ಮಂಗಳೂರಿಗೆ ಬಂದದ್ದು 1851ರಲ್ಲಿ. ಹಾಗಾದರೆ ಸೈನ್ಯಕ್ಕೆ ಮಣ್ಣಿನ ಬಣ್ಣ ತೊಡಿಸುವ ಆಲೋಚನೆ ವಾಯವ್ಯ ಗಡಿಯದು. ಕಾರ್ಖಾನೆಯಲ್ಲಿ ನೇಯ್ದು ಬಣ್ಣ ಕಟ್ಟಿದ ಖಾಕಿ ಬಟ್ಟೆಯ ಕೀರ್ತಿ ಮಂಗಳೂರಿನದು. ಹೀಗೆ ಹೇಳಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ನಮ್ಮ ಊರಿನ ಕಥೆ ಎಂದ ಮಾತ್ರಕ್ಕೆ ದಿನಾಂಕ ನೋಡದೆ ಒಪ್ಪಿಕೊಳ್ಳಬಾರದು. ಬಣ್ಣದ ಅಧ್ಯಯನ ಕಲಿಸುವ ಮೊದಲ ಪಾಠ ಇದು.

1902ರಲ್ಲಿ ಬ್ರಿಟಿಷ್ ಸೈನ್ಯವೇ ಖಾಕಿಯನ್ನು ತನ್ನ ಸೇವಾ ಸಮವಸ್ತ್ರವಾಗಿ ಅಂಗೀಕರಿಸಿತು. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಸೂಯೆಜ್ ಕಾಲುವೆಯ ಕಾವಲಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡಿತು. ಕನ್ನಡ ನಾಡಿನ ಸವಾರರು ಈಜಿಪ್ಟಿನ ಮರಳನ್ನು ನೋಡಿದ್ದು ಟ್ಯಾಂಕುಗಳು ಅಲ್ಲಿ ಕಾದಾಡುವುದಕ್ಕೆ ಎರಡು ದಶಕಗಳಿಗೂ ಮೊದಲು.

ಮಸಾರಿಯೂ ಉಂಟು, ಎರೆಯೂ ಉಂಟು

ಖಾಕಿ ಮನುಷ್ಯನನ್ನು ಮರೆಮಾಡಬಲ್ಲದು. ಟ್ಯಾಂಕನ್ನು? ಬ್ರಿಟಿಷರ ಮಟಿಲ್ಡಾ ಟ್ಯಾಂಕಿನ ಉದ್ದ ಸುಮಾರು 5.6 ಮೀಟರ್, ತೂಕ ಸುಮಾರು 27 ಟನ್. ಬಯಲಿನ ನಡುವೆ ನಿಂತ ಆ ಕಬ್ಬಿಣದ ಮನೆಯನ್ನು ಮುಚ್ಚಿಡುವುದು ಸುಲಭವಲ್ಲ.

ಇನ್ನೊಂದು ತೊಡಕು ಮರಳುಗಾಡಿನದೇ. ಅದು ಒಂದೇ ಬಣ್ಣದ್ದಲ್ಲ. ಇದನ್ನು ತಿಳಿಯಲು ಈಜಿಪ್ಟಿಗೆ ಹೋಗಬೇಕಾಗಿಲ್ಲ. ನಮ್ಮ ತಾಲೂಕಿನಲ್ಲೇ ಒಂದು ಹೊಲ ಕೆಂಪು ಮಸಾರಿ, ಸ್ವಲ್ಪ ದೂರ ನಡೆದರೆ ಕಪ್ಪು ಎರೆ. ಬೇಸಿಗೆಯಲ್ಲಿ ಒಣಗಿ ಬಿರಿದ ಎರೆ ಬೂದಿಯಂತೆ ಕಾಣುತ್ತದೆ. ಒಂದು ಮಳೆ ಬಿದ್ದರೆ ಕಾಡಿಗೆಯಂತೆ. ಈಜಿಪ್ಟ್ ಮತ್ತು ಲಿಬಿಯಾದ ಗಡಿಯ ಬಯಲೂ ಹೀಗೆಯೇ. ಅಲ್ಲಿ ಮರಳಿನ ದಿಬ್ಬಗಳಿಗಿಂತ ಕಲ್ಲು, ಜಲ್ಲಿ, ಗಟ್ಟಿ ನೆಲ, ಕುರುಚಲು ಮುಳ್ಳುಗಿಡಗಳೇ ಹೆಚ್ಚು. ಬೆಳಿಗ್ಗೆ ಗುಲಾಬಿ, ನಡುಹಗಲು ಬಿಳಿಚು, ಸಂಜೆ ನೇರಳೆ. ಹಳದಿ ಎಂಬುದು ಅವುಗಳಲ್ಲಿ ಒಂದು ಛಾಯೆ, ಅಷ್ಟೆ.

ಟಿಟ್ಟಿಭ ಹಕ್ಕಿಯ ಮೊಟ್ಟೆಯನ್ನು ಹೊಲದಲ್ಲಿ ಕಂಡಿರುವ ರೈತರಿಗೆ ಮರೆಮಾಚುವ ವಿದ್ಯೆಯ ಗುಟ್ಟು ಗೊತ್ತು. ಗೂಡಿಲ್ಲ, ಪೊದೆಯಿಲ್ಲ, ಬಯಲಿನಲ್ಲೇ ಮೊಟ್ಟೆ. ಆದರೂ ಕಾಲಡಿಗೆ ಬರುವ ತನಕ ಕಾಣುವುದಿಲ್ಲ. ಮಣ್ಣಿನ ಬಣ್ಣವಿರುವುದಷ್ಟೇ ಇದಕ್ಕೆ ಕಾರಣವಲ್ಲ. ಮೇಲಿರುವ ಕಪ್ಪು ಮಚ್ಚೆಗಳು ‘ಇದು ದುಂಡಗಿನ ಮೊಟ್ಟೆ’ ಎಂಬ ಆಕಾರವನ್ನೇ ಒಡೆದುಹಾಕುತ್ತವೆ. ಕಣ್ಣು ಮೊದಲು ಗುರುತಿಸುವುದು ಅಂಚನ್ನು, ಆಕಾರವನ್ನು. ಅಂಚು ಒಡೆದರೆ ವಸ್ತುವೇ ಮಾಯ.

ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಹ್ಯೂ ಕಾಟ್ 1940ರಲ್ಲಿ ಪ್ರಾಣಿಗಳ ಮರೆಮಾಚುವ ಬಣ್ಣಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದರು. ಯುದ್ಧ ಬಂದಾಗ ಸೈನ್ಯ ಅವರನ್ನೇ ಈಜಿಪ್ಟಿಗೆ ಕರೆಸಿಕೊಂಡಿತು. ಕೈರೋ ಹತ್ತಿರದ ಹೆಲ್ವಾನ್‌ನಲ್ಲಿ ಸೈನಿಕರಿಗೆ ಮರೆಮಾಚುವ ವಿದ್ಯೆಯನ್ನು ಕಲಿಸುವ ಶಾಲೆಯಲ್ಲಿ ಅವರು ಮುಖ್ಯ ಬೋಧಕರಾದರು. ಹಕ್ಕಿ, ಹಾವು, ಹಲ್ಲಿಗಳಿಂದ ಕಲಿತ ಪಾಠ ಟ್ಯಾಂಕುಗಳ ಮೈಮೇಲೂ ಬಂತು.

ಮೂರು ಬಣ್ಣದ ಓರೆ ಪಟ್ಟೆಗಳು

ಬ್ರಿಟನ್ನಿನಿಂದ ಹಡಗಿನಲ್ಲಿ ಬಂದ ಅನೇಕ ಟ್ಯಾಂಕುಗಳ ಮೈ ಹಸಿರು ಛಾಯೆಯದಾಗಿತ್ತು. ಹಸಿರು ಹುಲ್ಲಿನ ನಾಡಿನ ಬಣ್ಣ ಮರಳಿನಲ್ಲಿ ಏನು ಪ್ರಯೋಜನ? ಈಜಿಪ್ಟಿನ ಕಾರ್ಯಾಗಾರಗಳಲ್ಲಿ ಅವುಗಳಿಗೆ ಮತ್ತೆ ಬಣ್ಣ ಬಳಿಯಬೇಕಿತ್ತು. 1940ರಲ್ಲಿ ಬಂದ ಒಂದು ವಿಶಿಷ್ಟ ವಿನ್ಯಾಸವನ್ನು ‘ಕಾಂಟರ್ ವಿನ್ಯಾಸ’ ಎಂದು ಕರೆಯುತ್ತಾರೆ. ಬ್ರಿಗೇಡಿಯರ್ ಜೆ.ಎ.ಎಲ್. ಕಾಂಟರ್ ಎಂಬ ಟ್ಯಾಂಕ್ ದಳದ ಅಧಿಕಾರಿಯ ಹೆಸರು ಅದಕ್ಕೆ ಅಂಟಿಕೊಂಡಿದೆ.

ಇದರಲ್ಲಿ ಮೂರು ಬಣ್ಣ. ಅತ್ಯಂತ ತೆಳುವಾದದ್ದು ಕಲ್ಲಿನ ಬಣ್ಣ. ‘ಲೈಟ್ ಸ್ಟೋನ್’ ಅಥವಾ ‘ಪೋರ್ಟ್‌ಲೆಂಡ್ ಸ್ಟೋನ್’. ನಡುವಿನದು ‘ಸಿಲ್ವರ್ ಗ್ರೇ’. ಅತ್ಯಂತ ಗಾಢವಾದದ್ದು ‘ಸ್ಲೇಟ್’. ಇವು ಬಾಯಿಮಾತಿನ ಹೆಸರುಗಳಲ್ಲ. ಬಿ.ಎಸ್. 381 ಎಂಬ ಬ್ರಿಟಿಷ್ ಬಣ್ಣಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಸಂಖ್ಯೆಯಿತ್ತು. ಲೈಟ್ ಸ್ಟೋನ್ 61, ಪೋರ್ಟ್‌ಲೆಂಡ್ ಸ್ಟೋನ್ 64, ಸಿಲ್ವರ್ ಗ್ರೇ 28, ಸ್ಲೇಟ್ 34. ಮೂರೂ ಬಣ್ಣಗಳು ಅಲೆ ಅಲೆಯಾಗಿ ಅಲ್ಲ, ಅಡಿಕೋಲಿನಿಂದ ಎಳೆದಂತೆ ನೇರವಾದ ಓರೆ ಪಟ್ಟೆಗಳಾಗಿ ಟ್ಯಾಂಕಿನ ಮೈಮೇಲೆ ಹಾಯುತ್ತವೆ. ಗೋಪುರ ಎಲ್ಲಿ ಮುಗಿಯಿತು, ಒಡಲು ಎಲ್ಲಿ ಆರಂಭವಾಯಿತು ಎಂಬುದು ದೂರದಿಂದ ತಿಳಿಯಬಾರದು ಎಂಬುದೇ ಇದರ ಉದ್ದೇಶ. ಯಾವ ಮಾದರಿಯ ವಾಹನಕ್ಕೆ ಯಾವ ಪಟ್ಟೆ ಎಲ್ಲಿಂದ ಎಲ್ಲಿಗೆ ಎಂಬ ನಕ್ಷೆಗಳಿದ್ದವು. ಆದ್ದರಿಂದ ಮಾದರಿ ಮಾಡುವವರು ಮನಸ್ಸಿಗೆ ಬಂದಂತೆ ಪಟ್ಟೆ ಎಳೆಯುವಂತಿಲ್ಲ.

ಈ ಪಟ್ಟೆಗಳ ಟ್ಯಾಂಕಿಗೂ ನಮಗೂ ಏನು ಸಂಬಂಧ? ಇಲ್ಲಿ ಸ್ವಲ್ಪ ನಿಲ್ಲಬೇಕು. 1940ರ ಡಿಸೆಂಬರ್ 9ರ ಮುಂಜಾನೆ ಈಜಿಪ್ಟಿನ ಸಿದಿ ಬರಾನಿಯ ದಕ್ಷಿಣಕ್ಕಿರುವ ನಿಬೈವಾ ಎಂಬ ಇಟಲಿಯ ಸೇನಾ ಶಿಬಿರದ ಮೇಲೆ ಮಟಿಲ್ಡಾ ಟ್ಯಾಂಕುಗಳು ನುಗ್ಗಿದವು. ಅವುಗಳ ಜೊತೆ ನುಗ್ಗಿದ್ದು 4ನೇ ಭಾರತೀಯ ಡಿವಿಜನ್ನಿನ ಕಾಲಾಳುಗಳು. ಆ ಡಿವಿಜನ್ನಿನ ಎಂಜಿನಿಯರ್ ತುಕಡಿಗಳಲ್ಲಿ ಬೆಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಮದ್ರಾಸ್ ಸ್ಯಾಪರ್ಸ್ ದಳದವೂ ಇದ್ದವು. ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರಲ್ಲಿ ಸಾವಿರಾರು ಮಂದಿಯನ್ನು ಹಡಗು ಹತ್ತಿಸಿ ಭಾರತಕ್ಕೆ ತಂದರು. ಬೆಂಗಳೂರಿನಲ್ಲೂ ಅವರಿಗಾಗಿ ಶಿಬಿರಗಳಿದ್ದವು; ಜಾಲಹಳ್ಳಿಯ ಹೆಸರು ಇಂದಿಗೂ ಆ ಇಟಲಿಯ ಕೈದಿಗಳ ನೆನಪಿನೊಂದಿಗೆ ಬೆರೆತಿದೆ.

ಹಾಗಾದರೆ 1940ರ ಡಿಸೆಂಬರಿನ ಮಟಿಲ್ಡಾ ಮಾದರಿಯನ್ನು ಮಾಡುವ ಹುಡುಗ ಅದರ ಪಕ್ಕದಲ್ಲಿ ಯಾರನ್ನು ನಿಲ್ಲಿಸಬೇಕು? ಕಿಟ್ಟಿನ ಪೆಟ್ಟಿಗೆಯಲ್ಲಿ ಬರುವ ಬಿಳಿಯ ಸೈನಿಕನನ್ನು ಮಾತ್ರವೇ? ಅಲ್ಲ. ರುಮಾಲು ಕಟ್ಟಿದ ಪಂಜಾಬಿ ಮುಸಲ್ಮಾನನೂ ಸಿಖ್ಖನೂ, ರಜಪೂತನೂ ದಕ್ಷಿಣದ ಸ್ಯಾಪರ್ ಕೂಡ ಅಲ್ಲಿ ನಿಲ್ಲಲು ಅರ್ಹರು. ಬಣ್ಣದ ಸತ್ಯವನ್ನು ಹುಡುಕಿದರೆ ಜನರ ಸತ್ಯವೂ ಹಿಂದೆಯೇ ಬರುತ್ತದೆ.

ಇಲ್ಲದ ನೀಲಿ ಎಲ್ಲಿಂದ ಬಂತು?

ಈಗ ಆ ದೊಡ್ಡ ತಪ್ಪಿನ ವಿಷಯಕ್ಕೆ ಬರೋಣ. ಕಾಂಟರ್ ವಿನ್ಯಾಸದ ಮಾದರಿಗಳನ್ನು ಹಳೆಯ ಪುಸ್ತಕಗಳಲ್ಲಿ, ಕಿಟ್ಟಿನ ಪೆಟ್ಟಿಗೆಗಳ ಮೇಲೆ ನೋಡಿದರೆ ಒಂದು ಪಟ್ಟೆ ತೆಳು ನೀಲಿಯಾಗಿ ಕಾಣುತ್ತದೆ. ಬ್ರಿಟನ್ನಿನ ಮ್ಯೂಸಿಯಂನಲ್ಲಿದ್ದ ಮಟಿಲ್ಡಾಕ್ಕೂ ಹಾಗೆಯೇ ನೀಲಿ ಬಳಿದಿದ್ದರು. ಮ್ಯೂಸಿಯಂನಲ್ಲಿ ಇರುವುದು ಸುಳ್ಳಾಗಲು ಸಾಧ್ಯವೇ? ಚಿತ್ರಕಾರರು ಅದನ್ನು ನೋಡಿ ಬರೆದರು. ಪುಸ್ತಕದವರು ಚಿತ್ರ ನೋಡಿ ಬರೆದರು. ಬಣ್ಣದ ಡಬ್ಬಿ ಮಾರುವವರು ಪುಸ್ತಕ ನೋಡಿ ಬಣ್ಣ ತಯಾರಿಸಿದರು. ಲಕ್ಷಾಂತರ ಹವ್ಯಾಸಿಗಳು ಆ ಡಬ್ಬಿ ಕೊಂಡು ತಮ್ಮ ಟ್ಯಾಂಕಿಗೆ ನೀಲಿ ಬಳಿದರು.

ಮೈಕ್ ಸ್ಟಾರ್ಮರ್ ಎಂಬ ಬ್ರಿಟಿಷ್ ಸಂಶೋಧಕರು ಸೈನ್ಯದ ಹಳೆಯ ಆದೇಶಗಳನ್ನೂ ಆ ಕಾಲದ ಬಣ್ಣದ ಮಾದರಿಗಳನ್ನೂ ಎದುರಿಗಿಟ್ಟುಕೊಂಡು ಹೋಲಿಸಿದರು. ಆದೇಶದಲ್ಲಿ ನೀಲಿ ಇರಲೇ ಇಲ್ಲ! ಇದ್ದದ್ದು ‘ಸಿಲ್ವರ್ ಗ್ರೇ’. ಹೆಸರು ಬೆಳ್ಳಿಯ ಬೂದು ಎಂದಿದ್ದರೂ ಅದು ಹಸಿರು ಬೆರೆತ ಬೂದು ಬಣ್ಣ. ಸ್ಲೇಟ್ ಕೂಡ ಹಸಿರು ಛಾಯೆಯ ಗಾಢ ಬೂದು. ಅಂದರೆ ಮ್ಯೂಸಿಯಂನ ಆ ಟ್ಯಾಂಕಿನ ಕಬ್ಬಿಣ ನಿಜ. ಮೇಲಿನ ಬಣ್ಣ ಯುದ್ಧ ಮುಗಿದು ವರ್ಷಗಳಾದ ಮೇಲೆ ಬಳಿದದ್ದು.

ಇದರಲ್ಲಿ ನಮಗೊಂದು ಎಚ್ಚರಿಕೆಯಿದೆ. ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ನಿವೃತ್ತ ಟ್ಯಾಂಕುಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಬಿಸಿಲು ಮಳೆಗೆ ಬಣ್ಣ ಮಾಸಿದಾಗ ಮತ್ತೆ ಬಳಿಯಬೇಕಾಗುತ್ತದೆ. ಬಳಿಯುವವರು ಅಂಗಡಿಯಲ್ಲಿ ಸಿಕ್ಕ ಹಸಿರನ್ನು ಬಳಿದರೆ ಅದು ಅವರ ತಪ್ಪೇನಲ್ಲ. ಆದರೆ ಅದನ್ನೇ ಯುದ್ಧಭೂಮಿಯ ಬಣ್ಣವೆಂದು ನಾವು ತಿಳಿಯಬಾರದು.

ಕಪ್ಪು ಬಿಳುಪು ಛಾಯಾಚಿತ್ರಗಳನ್ನು ನಂಬಬಹುದೇ? ಪಟ್ಟೆ ಎಲ್ಲಿದೆ ಎಂಬುದಕ್ಕೆ ನಂಬಬಹುದು; ಯಾವ ಬಣ್ಣ ಎಂಬುದಕ್ಕೆ ನಂಬಲಾಗದು. ಕೆಂಪು ಮತ್ತು ಹಸಿರು ಎರಡೂ ಅಂಥ ಚಿತ್ರದಲ್ಲಿ ಒಂದೇ ಬೂದಾಗಿ ಬರಬಹುದು. ಹಳೆಯ ಒಂದು ಬಗೆಯ ಫಿಲ್ಮಿಗಂತೂ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ಅಂಗಿ ಕಪ್ಪಾಗಿ, ನೀಲಿ ಆಕಾಶ ಬಿಳಿಯಾಗಿ ಮೂಡುತ್ತಿದ್ದವು. ನಿಮ್ಮ ಮನೆಯ ಹಳೆಯ ಮದುವೆಯ ಫೋಟೋ ತೆಗೆದು ನೋಡಿ. ವಧುವಿನ ಸೀರೆಯ ಬಣ್ಣ ಯಾವುದೆಂದು ಫೋಟೋ ಹೇಳುವುದಿಲ್ಲ. ಆ ದಿನ ಅಲ್ಲಿದ್ದ ಹಿರಿಯರು ಹೇಳುತ್ತಾರೆ. ಟ್ಯಾಂಕಿನ ವಿಷಯದಲ್ಲಿ ಆ ಹಿರಿಯರ ಸ್ಥಾನದಲ್ಲಿ ಇರುವುದು ಲಿಖಿತ ಆದೇಶ ಮತ್ತು ಉಳಿದಿರುವ ಮೂಲ ಬಣ್ಣದ ಚೂರು.

ಮೊದಲು ವರ್ಷ, ಆಮೇಲೆ ಬಣ್ಣ

‘ಮರಳುಗಾಡಿನ ಬ್ರಿಟಿಷ್ ಟ್ಯಾಂಕಿಗೆ ಯಾವ ಬಣ್ಣ?’ ಎಂಬ ಪ್ರಶ್ನೆಯೇ ಅಪೂರ್ಣ. ‘ಯಾವ ವರ್ಷದ, ಯಾವ ಸ್ಥಳದ ಟ್ಯಾಂಕಿಗೆ?’ ಎಂದು ಕೇಳಬೇಕು. ಮೂರೇ ವರ್ಷಗಳಲ್ಲಿ ಬಣ್ಣ ಹಲವು ಬಾರಿ ಬದಲಾಯಿತು.

1940ರ ದ್ವಿತೀಯಾರ್ಧದಿಂದ 1941ರ ಕೊನೆಯ ತನಕ ಕಾಂಟರ್ ವಿನ್ಯಾಸದ ಕಾಲ. ಸೂಡಾನಿನ ಕಡೆಗೆ ನೇರಳೆ ಛಾಯೆಯ ಕಂದು ಸೇರಿದ ಇನ್ನೊಂದು ಬಗೆಯಿತ್ತು. 4ನೇ ಭಾರತೀಯ ಡಿವಿಜನ್ ಸಿದಿ ಬರಾನಿಯಿಂದ ಹೊರಟು ಹೋದದ್ದು ಆ ದಿಕ್ಕಿಗೇ. ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ 1941ರ ಮಾರ್ಚ್ 27ರ ತನಕ ಘೋರ ಕಾಳಗ ನಡೆಯಿತು.

1941ರ ಡಿಸೆಂಬರಿನ ಹೊತ್ತಿಗೆ ಮೂರು ಬಣ್ಣಗಳ ಪದ್ಧತಿಯನ್ನು ಕೈಬಿಟ್ಟರು. ಲೈಟ್ ಸ್ಟೋನ್ ಮೂಲ ಬಣ್ಣ. ಬೇಕಿದ್ದರೆ ಅದರ ಮೇಲೆ ಇನ್ನೊಂದು ಗಾಢ ಬಣ್ಣದ ಪಟ್ಟೆ. ಆಗಿನ ಕೆಲವು ಟ್ಯಾಂಕುಗಳ ಮೇಲೆ ಬಿಳಿ, ಕೆಂಪು, ಬಿಳಿ ಎಂದು ಮೂರು ನಿಲುವು ಪಟ್ಟೆಗಳ ಗುರುತು ಕಾಣುತ್ತದೆ. ಅದು ಮರೆಮಾಚಲು ಅಲ್ಲ, ತಮ್ಮವರೇ ತಮ್ಮವರಿಗೆ ಗುಂಡು ಹಾರಿಸದಿರಲಿ ಎಂದು.

1942ರ ಅಕ್ಟೋಬರಿನ ಆದೇಶದಲ್ಲಿ ಮೂಲ ಬಣ್ಣವೇ ಬದಲಾಯಿತು. ಹೊಸ ಬಣ್ಣದ ಹೆಸರು ‘ಡೆಸರ್ಟ್ ಪಿಂಕ್’, ಅಂದರೆ ಮರುಭೂಮಿಯ ಗುಲಾಬಿ! ಅದರ ಮೇಲೆ ಕಡು ಆಲಿವ್ ಹಸಿರಿನ ಪಟ್ಟೆಗಳು. ಯುದ್ಧದ ಟ್ಯಾಂಕ್ ಗುಲಾಬಿಯೇ ಎಂದು ಮಕ್ಕಳು ನಗುತ್ತಾರೆ. ಮುಂಜಾವಿನ ಓರೆ ಬೆಳಕಿನಲ್ಲಿ ಮಸಾರಿ ಹೊಲವನ್ನು ನೋಡಿದವರು ನಗುವುದಿಲ್ಲ. ಅದೇ ತಿಂಗಳ 23ರಂದು ಅಲ್ ಅಲಮೈನ್ ಮಹಾಕಾಳಗ ಆರಂಭವಾಯಿತು. ಆದೇಶ ಬಂದ ದಿನವೇ ಎಲ್ಲ ಟ್ಯಾಂಕುಗಳೂ ಬಣ್ಣ ಬದಲಿಸಲು ಸಾಧ್ಯವಿಲ್ಲವಲ್ಲ? ಆ ಕಾಳಗದಲ್ಲಿ ಹಳೆಯದೂ ಹೊಸದೂ ಬೆರೆತಿರುವುದು ಸಹಜ.

1943ರ ಏಪ್ರಿಲಿನ ಆದೇಶದಲ್ಲಿ ‘ಲೈಟ್ ಮಡ್’ ಎಂಬ ತೆಳು ಕೆಸರಿನ ಬಣ್ಣ, ಅದರ ಮೇಲೆ ಕಪ್ಪು ಅಥವಾ ಕಡು ಬಣ್ಣ ಬಂತು. ಸೈನ್ಯ ಆಗ ಮರಳು ದಾಟಿ ಟ್ಯುನೀಷಿಯಾದ ಹಸಿರು ನೆಲಕ್ಕೆ ಬಂದಿತ್ತು.

ಮಾಲ್ಟಾ ದ್ವೀಪದ ಟ್ಯಾಂಕುಗಳ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಹೊಲಗಳ ಸುತ್ತ ಒರಟು ಕಲ್ಲಿನ ಗೋಡೆಗಳು. ಸೈನಿಕರು ಟ್ಯಾಂಕಿನ ಮೈಮೇಲೆ ಕಲ್ಲುಗೋಡೆಯನ್ನೇ ಚಿತ್ರಿಸಿದರು! ತೆಳು ಬಣ್ಣದ ಕಲ್ಲುಗಳು, ನಡುವೆ ಗಾಢ ಸಂದುಗಳು. ನೆಲ ಹೇಗೋ ಬಣ್ಣ ಹಾಗೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಬಣ್ಣ ಸಾಲದಾದಾಗ ವೇಷವೂ ಬಂತು. ಅಲಮೈನ್ ಕಾಳಗಕ್ಕೆ ಮುನ್ನ ನೂರಾರು ಟ್ಯಾಂಕುಗಳ ಮೇಲೆ ಲಾರಿಯ ಆಕಾರದ ಚೌಕಟ್ಟು ಮತ್ತು ಬಟ್ಟೆ ಹೊದಿಸಿದರು. ಇದಕ್ಕೆ ‘ಸನ್‌ಶೀಲ್ಡ್’ ಎಂದು ಹೆಸರು. ವಿಮಾನದಿಂದ ನೋಡಿದ ಶತ್ರುವಿಗೆ ಉತ್ತರದಲ್ಲಿ ಬರೀ ಲಾರಿಗಳು ಕಂಡವು. ದಕ್ಷಿಣದಲ್ಲಿ ನಕಲಿ ಟ್ಯಾಂಕುಗಳು, ನಕಲಿ ನೀರಿನ ಕೊಳವೆ ಮಾರ್ಗ. ‘ಬರ್ಟ್ರಾಮ್’ ಎಂಬ ಹೆಸರಿನ ಈ ಯೋಜನೆಯನ್ನು ಮುನ್ನಡೆಸಿದವರು ಜೆಫ್ರಿ ಬಾರ್ಕಾಸ್, ಮೂಲತಃ ಸಿನಿಮಾ ನಿರ್ದೇಶಕರು!

ಮನೆಯಲ್ಲಿ ಮಾಡುವ ಕ್ರಮ

ಕಿಟ್ ಕೊಳ್ಳುವವರು ಅಳತೆ ನೋಡಬೇಕು. 1:35 ಎಂದರೆ ನಿಜ ವಸ್ತುವಿನ ಮೂವತ್ತೈದನೇ ಒಂದು ಭಾಗ. ಆ ಅಳತೆಯಲ್ಲಿ ಮಟಿಲ್ಡಾ ಸುಮಾರು 16 ಸೆಂಟಿಮೀಟರ್. 1:72ರಲ್ಲಿ 8 ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ರಟ್ಟಿನಲ್ಲಿ ಮಾಡುವುದಾದರೆ 1:20 ಒಳ್ಳೆಯದು. 28 ಸೆಂಟಿಮೀಟರ್ ಉದ್ದದ ಟ್ಯಾಂಕ್ ಆಗುತ್ತದೆ, ಪಟ್ಟೆ ಎಳೆಯುವುದೂ ಸುಲಭ. ಲೆಕ್ಕವನ್ನು ಮಗುವೇ ಮಾಡಲಿ. ಅನುಪಾತದ ಪಾಠ ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ವಿದೇಶಿ ಬಣ್ಣದ ಡಬ್ಬಿಗಳು ದುಬಾರಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಬಣ್ಣಗಳು ಸಾಕು. ಬಿಳಿ, ಯೆಲ್ಲೋ ಆಕರ್, ಕಂದು, ಕಪ್ಪು, ಹಸಿರು, ಸ್ವಲ್ಪ ಕೆಂಪು ಇದ್ದರೆ ಆಯಿತು. ಕಲ್ಲಿನ ಬಣ್ಣಕ್ಕೆ ಬಿಳಿಯಲ್ಲಿ ಯೆಲ್ಲೋ ಆಕರ್ ಬೆರೆಸಿ, ಕಂದಿನ ಒಂದು ಹನಿ ಹಾಕಿ. ಸಿಲ್ವರ್ ಗ್ರೇ ಬೇಕಾದರೆ ಬಿಳಿಗೆ ಸ್ವಲ್ಪ ಕಪ್ಪು, ಅದಕ್ಕೆ ಹಸಿರು ಮತ್ತು ಆಕರ್ ಹನಿ ಹನಿಯಾಗಿ. ನೀಲಿಯ ಕಡೆ ಕೈ ಹೋಗಬಾರದು! ಅದೇ ಮಿಶ್ರಣಕ್ಕೆ ಕಪ್ಪು ಹೆಚ್ಚಿಸಿದರೆ ಸ್ಲೇಟ್. ಗುಲಾಬಿಗೆ ಕಲ್ಲಿನ ಬಣ್ಣದಲ್ಲಿ ಕೆಂಪು ಮತ್ತು ಕಂದು ಒಂದಿಷ್ಟೇ.

ಬಣ್ಣವನ್ನು ಮೊದಲು ರಟ್ಟಿನ ಚೂರಿಗೆ ಬಳಿದು, ಒಣಗಿದ ಮೇಲೆ ಅಂಗಳದ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಸರಿ ಕಂಡದ್ದು ಬಿಸಿಲಿನಲ್ಲಿ ಬೇರೆಯಾಗುತ್ತದೆ. ಚಿಕ್ಕ ಮಾದರಿಯ ಮೇಲೆ ಬಣ್ಣ ಹೆಚ್ಚು ಗಾಢವಾಗಿ ಕಾಣುವುದರಿಂದ ಬಿಳಿ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ತೆಳು ಬಣ್ಣವನ್ನು ಮೊದಲು ಇಡೀ ಮೈಗೆ ಬಳಿದು, ಒಣಗಿದ ಮೇಲೆ ಅಂಟುಪಟ್ಟಿ ಹಚ್ಚಿ ಉಳಿದ ಪಟ್ಟೆಗಳನ್ನು ಬಳಿಯಿರಿ. ಆಗ ಅಂಚು ನೇರವಾಗಿ ಬರುತ್ತದೆ.

ಕೊನೆಯದು ಧೂಳು. ಸಂಡೂರಿನ ಅದಿರು ಲಾರಿಗಳನ್ನು ನೋಡಿದ ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಹೇಳಬೇಕಾಗಿಲ್ಲ. ಕಂಪನಿಯವರು ಹಸಿರು ಬಳಿದರೂ ನೀಲಿ ಬಳಿದರೂ ಆ ರಸ್ತೆಯಲ್ಲಿ ಓಡಿದ ಲಾರಿ ಕೆಂಪೇ. ಟ್ಯಾಂಕಿನ ಚಕ್ರ, ಸರಪಳಿ, ಕೆಳಭಾಗಕ್ಕೆ ತೆಳುವಾದ ಧೂಳಿನ ಬಣ್ಣವನ್ನು ಒಣ ಕುಂಚದಿಂದ ಸವರಿ. ಮೂಲೆಗಳಲ್ಲಿ ಬಣ್ಣ ಕೆರೆದುಹೋದಂತೆ ಅಲ್ಲಲ್ಲಿ ಕಡು ಹಸಿರಿನ ಚುಕ್ಕೆ ಇಟ್ಟರೆ, ಬ್ರಿಟನ್ನಿನಿಂದ ಹಸಿರಾಗಿ ಬಂದ ಟ್ಯಾಂಕಿನ ಹಳೆಯ ಮೈ ಇಣುಕಿದಂತಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮಾದರಿಯ ಕೆಳಗೆ ಒಂದು ಚೀಟಿ ಅಂಟಿಸಿ. ಯಾವ ಟ್ಯಾಂಕ್, ಯಾವ ತಿಂಗಳು, ಯಾವ ಸ್ಥಳ, ಯಾವ ಆಧಾರದ ಮೇಲೆ ಈ ಬಣ್ಣ ಎಂದು ಅದರಲ್ಲಿರಲಿ. ಈ ನಾಲ್ಕು ಮಾತು ಬರೆಯಲಾಗದಿದ್ದರೆ ಕುಂಚ ಕೆಳಗಿಟ್ಟು ಮತ್ತೆ ಓದಲು ಕೂರಬೇಕು.

ಯುದ್ಧದ ಆಟಿಕೆ ಮಕ್ಕಳ ಕೈಗೆ ಬೇಕೆ?

ಈ ವಿಷಯ ಎತ್ತಿದಾಗಲೆಲ್ಲ ತಾಯಂದಿರು ಒಂದು ಮಾತು ಕೇಳುತ್ತಾರೆ. “ಸರ್, ಟಿವಿ, ಮೊಬೈಲಿನಲ್ಲಿ ದಿನಾ ಗುಂಡಿನ ಸದ್ದೇ. ಅದು ಸಾಲದು ಅಂತ ಮನೆಯಲ್ಲೂ ಟ್ಯಾಂಕ್ ಬೇಕಾ?” ಅವರ ಕಳವಳ ನ್ಯಾಯವಾದದ್ದು. ಬಾಂಬು ಬಿದ್ದ ಊರುಗಳ ಮಕ್ಕಳ ಮುಖ ನೋಡಿದ ಯಾವ ತಾಯಿಗೂ ಟ್ಯಾಂಕ್ ಎಂಬುದು ಆಟದ ಸಾಮಾನಾಗಿ ಕಾಣಲಾರದು.

ನನಗೆ ತೋಚುವ ಉತ್ತರ ಇಷ್ಟು. ಮೊಬೈಲಿನ ಆಟದಲ್ಲಿ ಟ್ಯಾಂಕಿಗೆ ವರ್ಷವಿಲ್ಲ, ಊರಿಲ್ಲ, ಒಳಗಿದ್ದ ಮನುಷ್ಯನಿಗೆ ಹೆಸರಿಲ್ಲ. ಸತ್ತವನು ಮತ್ತೆ ಎದ್ದು ಬರುತ್ತಾನೆ. ಸರಿಯಾಗಿ ಮಾಡಿದ ಮಾದರಿಗೆ ವರ್ಷವೂ ಇದೆ, ಊರೂ ಇದೆ. ಆ ಊರಿನಲ್ಲಿ ಏನಾಯಿತು ಎಂದು ಮಗು ಕೇಳಿಯೇ ಕೇಳುತ್ತದೆ. ಆಗ ನಾವು ಮುಚ್ಚಿಡದೆ ಹೇಳಬೇಕು. ಅಲ್ ಅಲಮೈನ್ ಸ್ಮಶಾನದಲ್ಲಿ 7,000ಕ್ಕೂ ಹೆಚ್ಚು ಸಮಾಧಿಗಳಿವೆ. ಸಮಾಧಿಯೇ ಸಿಗದವರ ಸುಮಾರು 12,000 ಹೆಸರುಗಳು ಅಲ್ಲಿನ ಸ್ಮಾರಕದ ಗೋಡೆಗಳ ಮೇಲಿವೆ. ದಹನ ಸಂಸ್ಕಾರವಾದ ಸುಮಾರು 600 ಸೈನಿಕರ ಹೆಸರುಗಳಿಗೆ ಅಲ್ಲೇ ಪ್ರತ್ಯೇಕ ಸ್ಮಾರಕವಿದೆ. ಇವರಲ್ಲಿ ನಮ್ಮ ನೆಲದ ತಾಯಂದಿರ ಮಕ್ಕಳು ಎಷ್ಟೋ. ಯಾರದೋ ಸಾಮ್ರಾಜ್ಯಕ್ಕಾಗಿ, ಯಾರದೋ ಮರಳಿನಲ್ಲಿ.

ಇನ್ನೂ ಒಂದು ಮಾತು. ಆ ಯುದ್ಧ ಮುಗಿದ ಮೇಲೂ ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ಲಕ್ಷಾಂತರ ನೆಲಬಾಂಬುಗಳು ಹಾಗೆಯೇ ಉಳಿದವು. ಆ ಯುದ್ಧ ಕುರಿ ಒಂಟೆ ಮೇಯಿಸುವ ಬದುಯಿನರದಾಗಿರಲಿಲ್ಲ. ಅದನ್ನು ಅವರು ಆರಂಭಿಸಿರಲೂ ಇಲ್ಲ. ಆದರೂ ದಶಕಗಳ ನಂತರವೂ ಕಾಲು ಕಳೆದುಕೊಂಡವರು, ಪ್ರಾಣ ಬಿಟ್ಟವರು ಅವರೇ. ಟ್ಯಾಂಕಿನ ಸುತ್ತ ನೆಲ ಮಾಡುವಾಗ ಮರಳು, ಕಲ್ಲಿನ ಜೊತೆ ಒಂದು ಒಂಟೆಯನ್ನೂ ಅದರ ಮಾಲೀಕನನ್ನೂ ಇಡಲು ಮಕ್ಕಳಿಗೆ ಹೇಳಿ. ಕಿಟ್ಟಿನ ಪೆಟ್ಟಿಗೆಯಲ್ಲಿ ಆ ಗೊಂಬೆ ಇರುವುದಿಲ್ಲ. ಮಣ್ಣಿನಲ್ಲಿ ಮಾಡಿದರಾಯಿತು.

ಬಣ್ಣ ಹುಡುಕುವುದೆಂದರೆ ಕೊನೆಗೆ ಇದೇ. ಯಾರೋ ಬಳಿದದ್ದನ್ನು ನೋಡಿ ನಾವೂ ಬಳಿಯುತ್ತಾ ಹೋದರೆ ಬೂದು ನೀಲಿಯಾಗುತ್ತದೆ, ಅಲ್ಲಿದ್ದವರು ಇಲ್ಲದಂತಾಗುತ್ತಾರೆ. ಮೇಲಿನ ಬಣ್ಣ ಕೆರೆದು ಕೆಳಗಿನದನ್ನು ನೋಡುವ ಅಭ್ಯಾಸ ಎಂಟನೆಯ ತರಗತಿಯಲ್ಲಿ ಒಂದು ರಟ್ಟಿನ ಟ್ಯಾಂಕಿನ ಮೇಲೆ ಬಂದರೆ, ಮುಂದೆ ಪತ್ರಿಕೆ ಓದುವಾಗ, ಮೊಬೈಲಿಗೆ ಬಂದ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸುವಾಗ, ನೆರೆಯವರ ಬಗ್ಗೆ ಕೇಳಿದ ಮಾತನ್ನು ನಂಬುವಾಗ ಅದು ಕೈಬಿಡುವುದಿಲ್ಲ. ಮುಂದಿನ ವಸ್ತುಪ್ರದರ್ಶನಕ್ಕೆ ನಿಮ್ಮ ಮಗ ಅಥವಾ ಮಗಳು ಹಳದಿ ಬಣ್ಣದ ಡಬ್ಬಿ ಕೇಳಿದರೆ ಕೂಡಲೇ ಹಣ ಕೊಡಬೇಡಿ. ‘ಯಾವ ವರ್ಷದ ಟ್ಯಾಂಕ್ ಮಗಾ?’ ಎಂದು ಒಮ್ಮೆ ಕೇಳಿ ನೋಡಿ.